ದುರ್ಗ ಅಂದರೆ ಬರೀ ಕೋಟೆನಾ? ನಮ್ಮೂರಿನ ಬಗ್ಗೆ ಎರಡು ಪುಟ ಬರೆಯಬೇಕಿದೆ, ಸಹಾಯ ಮಾಡಿ

ಬುರುಜನಹಟ್ಟಿ ಹುಡುಗಿ:
ಎಲ್ಲರಿಗೂ ನಮಸ್ಕಾರ. ನಮ್ಮ ಎಸ್ಸೆಸ್ಸೆಲ್ಸಿ ಬ್ಯಾಚಿಗೆ ಈ ವರ್ಷ 25 ತುಂಬುತ್ತದೆ. ಎಲ್ಲರೂ ಸೇರಿ ಒಂದು ಸಣ್ಣ ಸಂಚಿಕೆ ತರುತ್ತಿದ್ದೇವೆ. ಅದರಲ್ಲಿ 'ನಮ್ಮೂರು ಚಿತ್ರದುರ್ಗ' ಅಂತ ಎರಡು ಪುಟ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ.

ಒಂದು ವಾರ ಕೂತು ಬರೆದೆ. ಏಳು ಸುತ್ತಿನ ಕೋಟೆ, ಒನಕೆ ಓಬವ್ವ, ಮದಕರಿ ನಾಯಕ, 1779ರಲ್ಲಿ ಹೈದರಾಲಿ ಕೋಟೆ ಹಿಡಿದದ್ದು, ಅಕ್ಕತಂಗಿ ಹೊಂಡ, ಚಂದ್ರವಳ್ಳಿ, ಎಲ್ಲಾ ಹಾಕಿದೆ. ಅಪ್ಪನಿಗೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಚೆನ್ನಾಗಿದೆಯಮ್ಮ. ಆದರೆ ಇದರಲ್ಲಿ ಬೆಟ್ಟದ ಮೇಲಿನ ಊರಿದೆ, ಕೆಳಗಿನ ಊರಿಲ್ಲ" ಅಂದರು. ಅವತ್ತಿಂದ ಒಂದು ಸಾಲೂ ಮುಂದೆ ಹೋಗಿಲ್ಲ.

ಅಪ್ಪ ಅದಿರು ಲಾರಿಗಳ ಲೆಕ್ಕ ಬರೆದು ನಮ್ಮನ್ನು ಓದಿಸಿದವರು. ತಾತ ಚಳ್ಳಕೆರೆ ಕಡೆ ಹಟ್ಟಿಯಲ್ಲಿ ದನ ಕಾಯ್ದವರು. ನನಗೆ ಎರಡೂ ಗೊತ್ತಿಲ್ಲ, ಕೋಟೆ ಮಾತ್ರ ಗೊತ್ತು. ಹಾಗಾಗಿ ಕೇಳುತ್ತಿದ್ದೇನೆ. ಕೋಟೆ ಬಿಟ್ಟರೆ ನಮ್ಮೂರು ಅಂದರೆ ಏನು? ನೀವಾದರೆ ಏನು ಬರೆಯುತ್ತೀರಿ?

ಹೈವೇ ಪ್ರಯಾಣಿಕ:
ನಾನು ಹುಬ್ಬಳ್ಳಿಯವನು. 20 ವರ್ಷದಿಂದ ಬೆಂಗಳೂರಿಗೆ ಓಡಾಡುತ್ತಿದ್ದೇನೆ. ನನಗೆ ದುರ್ಗ ಅಂದರೆ ಗುಡ್ಡದ ಮೇಲಿನ ಗಾಳಿಯಂತ್ರಗಳು, ಆಮೇಲೆ ಊಟಕ್ಕೆ ಬಸ್ ನಿಲ್ಲಿಸುವ ಜಾಗ. ಒಂದು ಸಲವೂ ಊರೊಳಗೆ ಇಳಿದಿಲ್ಲ. ನನ್ನಂಥವರು ಲಕ್ಷಾಂತರ ಜನ ಇದ್ದಾರೆ. ಅವರಿಗಾಗಿ ಬರೆಯಿರಿ.

ದುಬೈ ದುರ್ಗ:
ಲಕ್ಷ್ಮೀ ಬಜಾರ್, ಸಂತೆಹೊಂಡ, ಆನೆಬಾಗಿಲು. ಈ ಮೂರು ಹೆಸರು ಕೇಳಿದರೆ ಸಾಕು ನನಗೆ. ಬರೆಯಕ್ಕಾ, ಓದೋಕೆ ಕಾಯುತ್ತಿರುತ್ತೇನೆ.

ಕೆಳಗೋಟೆ ಮೇಷ್ಟ್ರು:
ಒಳ್ಳೆಯ ಪ್ರಶ್ನೆ ತಂಗಿ. ಮೊದಲು ಒಂದು ಮಾತು. ಕೋಟೆಯನ್ನು ತೆಗೆದು ಹಾಕಬೇಡಿ, ಅದನ್ನು ನೋಡುವ ರೀತಿ ಬದಲಿಸಿ. ಕೋಟೆಯೊಳಗಿನ ಹೊಂಡಗಳನ್ನು ನೋಡಿ. ಮೇಲಿನ ಹೊಂಡ ತುಂಬಿದರೆ ಕೆಳಗಿನದಕ್ಕೆ, ಅಲ್ಲಿಂದ ಊರಿನ ಸಿಹಿನೀರು ಹೊಂಡ, ಸಂತೆಹೊಂಡದ ತನಕ ನೀರು ಇಳಿದು ಬರುವ ಹಾಗೆ ಮಾಡಿದ್ದರು. ಮಳೆ ಕಮ್ಮಿ ಬೀಳುವ ಊರಿನವರ ಬುದ್ಧಿ ಅದು. ಚಂದ್ರವಳ್ಳಿಯಲ್ಲಿ ಕದಂಬರ ಮಯೂರಶರ್ಮನ ಶಾಸನ ಇದೆಯಲ್ಲ, ಅದೂ ಕೆರೆಯ ವಿಷಯವೇ. ಯುದ್ಧದ ಶಾಸನ ಅಂತ ಮಕ್ಕಳು ತಿಳಿದಿರುತ್ತಾರೆ. ಅಲ್ಲ, ಕೆರೆ ಶಾಸನ.

ಇನ್ನೊಂದು, ಈ ಊರಿನ ಹಳೆಯ ಹೆಸರು ಬೆಮ್ಮತ್ತನೂರು, ಬೆಮ್ಮತ್ತನಕಲ್ಲು. ದುರ್ಗ ಆಮೇಲಿನದು. 1997ರ ತನಕ ದಾವಣಗೆರೆಯೂ ನಮ್ಮ ಜಿಲ್ಲೆಯಲ್ಲೇ ಇತ್ತು. ದುಡ್ಡಿನ ಪೇಟೆ ಆ ಕಡೆ ಹೋಯಿತು, ಬಯಲು ಮತ್ತು ಗುಡ್ಡ ನಮಗೆ ಉಳಿಯಿತು. ಬಯಲಲ್ಲಿ ದನ, ಗುಡ್ಡದಲ್ಲಿ ಅದಿರು. ನಿಮ್ಮ ತಾತ ಒಂದರಲ್ಲಿ ದುಡಿದರು, ಅಪ್ಪ ಇನ್ನೊಂದರಲ್ಲಿ. ನಿಮ್ಮ ಎರಡು ಪುಟ ನಿಮ್ಮ ಮನೆಯಲ್ಲೇ ಇದೆ.

ಬೆಣ್ಣೆದೋಸೆ:
ಜಿಲ್ಲೆ ಬೇರೆಯಾದರೇನು ಮೇಷ್ಟ್ರೇ, ದೋಸೆ ತಿನ್ನೋಕೆ ಈಗಲೂ ನೀವೆಲ್ಲ ನಮ್ಮ ದಾವಣಗೆರೆಗೇ ಬರುತ್ತೀರಲ್ವಾ!

ಹಳೇ ಟಿಪ್ಪರ್:
ಅಕ್ಕಾ, ನಿಮ್ಮ ತಂದೆ ಬರೆದ ಟ್ರಿಪ್ ಶೀಟಿನಲ್ಲಿ ನನ್ನ ಗಾಡಿ ನಂಬರೂ ಇರಬಹುದು.

ನಾನು ಹೊಳಲ್ಕೆರೆ ತಾಲ್ಲೂಕಿನವನು. 2004ರಲ್ಲಿ ಸಾಲ ಮಾಡಿ ಒಂದು ಟಿಪ್ಪರ್ ತೆಗೆದುಕೊಂಡೆ. ಆಗ ಚೀನಾದವರು ಕೇಳಿದಷ್ಟು ದುಡ್ಡು ಕೊಟ್ಟು ಅದಿರು ತರಿಸಿಕೊಳ್ಳುತ್ತಿದ್ದ ಕಾಲ. ಮೊದಲು ಗಟ್ಟಿ ಅದಿರಿಗೆ ಮಾತ್ರ ಬೆಲೆ ಇತ್ತು, ಪುಡಿಯನ್ನು ಗಣಿ ಪಕ್ಕ ಸುರಿದು ಗುಡ್ಡೆ ಮಾಡಿಬಿಡುತ್ತಿದ್ದರು. ಆಮೇಲೆ ಆ ಪುಡಿಗೂ, ಫೈನ್ಸ್ ಅಂತಾರಲ್ಲ ಅದಕ್ಕೂ, ರೇಟು ಬಂತು. ಹಗಲು ರಾತ್ರಿ ಲೋಡು. ಊರಲ್ಲಿ ಎಮ್ಮೆ ಕಟ್ಟಿಕೊಂಡಿದ್ದವರೆಲ್ಲ ಎಮ್ಮೆ ಮಾರಿ ಲಾರಿ ತಂದರು. ನಮ್ಮ ಬೀದಿಯೊಂದರಲ್ಲೇ 11 ಟಿಪ್ಪರ್ ನಿಂತಿರುತ್ತಿದ್ದವು. 2007ರಲ್ಲಿ ಎರಡನೇ ಗಾಡಿ ತೆಗೆದೆ. ತಂಗಿ ಮದುವೆ ಮಾಡಿದೆ. ಮನೆಗೆ ತಾರಸಿ ಹಾಕಿಸಿದೆ.

2011ರ ಆಗಸ್ಟಿನಲ್ಲಿ ಒಂದೇ ದಿನಕ್ಕೆ ಎಲ್ಲಾ ನಿಂತಿತು. ಕಂತು ಮಾತ್ರ ನಿಲ್ಲಲಿಲ್ಲ. ಎಂಟು ತಿಂಗಳು ಹೇಗೋ ಕಟ್ಟಿದೆ, ಆಮೇಲೆ ಫೈನಾನ್ಸಿನವರು ಬಂದು ಎರಡೂ ಗಾಡಿ ತೆಗೆದುಕೊಂಡು ಹೋದರು. ಅಪ್ಪ ಮಾರಿದ ಎಮ್ಮೆಗಳ ಹೆಸರು ಹೇಳಿಕೊಂಡು ಅವ್ವ ಅತ್ತಿದ್ದು ನನಗಿನ್ನೂ ನೆನಪಿದೆ. ಇದನ್ನು ಬರೆಯಿರಿ. ಗಣಿಯವರೆಲ್ಲ ಕೋಟಿ ಮಾಡಿದರು ಅಂತ ಪೇಪರಿನಲ್ಲಿ ಬರುತ್ತದೆ, ನಮ್ಮಂಥವರ ಕಥೆ ಬರಲ್ಲ.

ತೋಟದ ಮನೆ:
@ಹಳೇ ಟಿಪ್ಪರ್ ನಿಮ್ಮ ಕಷ್ಟ ಅರ್ಥ ಆಗುತ್ತದೆ. ಆದರೆ ನಮ್ಮ ಕಡೆಯದೂ ಕೇಳಿ. ನಮ್ಮದು ಭೀಮಸಮುದ್ರ. ನಿಮ್ಮ ಗಾಡಿಗಳು ಓಡಾಡಿದ್ದು ನಮ್ಮ ಮನೆ ಮುಂದೆ.

ಅಡಿಕೆ ಹಿಂಗಾರ ಬಿಟ್ಟಿರುತ್ತದೆ, ಅದರ ಮೇಲೆ ಬೆರಳು ಆಡಿಸಿದರೆ ಕೆಂಪು ಧೂಳು. ತಾಡಪಾಲು ಇಲ್ಲದ ಲೋಡುಗಳು. ಅಮ್ಮ ಬಟ್ಟೆ ಒಣಗಿಸುವುದನ್ನು ಹಿತ್ತಲಿಗೆ ಬದಲಾಯಿಸಿದರು, ಆಮೇಲೆ ಮನೆಯೊಳಗೇ ಒಣಗಿಸಿದರು. ನನ್ನ ತಮ್ಮನಿಗೆ ಶಾಲೆಗೆ ಹೋಗಲು ರಸ್ತೆ ದಾಟೋಕೆ ಕಾಲು ಗಂಟೆ ಬೇಕಿತ್ತು. ರಸ್ತೆ ತಡೆ ಮಾಡಿದೆವು, ನಾಲ್ಕು ದಿನ ನೀರು ಚಿಮುಕಿಸಿದರು, ಐದನೇ ದಿನ ಅದೇ ಕಥೆ. ಗಣಿ ನಿಂತ ವರ್ಷ ನಮ್ಮೂರಲ್ಲಿ ಜನ ಖುಷಿಪಟ್ಟರು. ನಿಜ ಹೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಹಳೇ ಟಿಪ್ಪರ್:
@ತೋಟದ ಮನೆ ಬೇಜಾರಿಲ್ಲ ಅಣ್ಣ. ಓವರ್‌ಲೋಡ್ ಹಾಕಿದ್ದು ನಿಜ, ತಾಡಪಾಲು ಕಟ್ಟದೆ ಓಡಿಸಿದ್ದೂ ನಿಜ. ಟ್ರಿಪ್ಪಿನ ಮೇಲೆ ದುಡ್ಡು, ನಿಂತು ಕಟ್ಟೋಕೆ ಟೈಮ್ ಇರಲಿಲ್ಲ. ಅವತ್ತು ನನಗೆ ನಿಮ್ಮ ಮನೆ ಕಾಣಲಿಲ್ಲ, ಮುಂದಿನ ಲೋಡು ಕಾಣುತ್ತಿತ್ತು.

ಕಾನೂನು ಕಟ್ಟೆ:
ದಿನಾಂಕಗಳು ಸರಿ ಇರಲಿ ಅಂತ ಹೇಳುತ್ತಿದ್ದೇನೆ. ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಾರಿಕೆ ನಿಲ್ಲಿಸಿದ್ದು 2011ರ ಜುಲೈ 29ಕ್ಕೆ. ಚಿತ್ರದುರ್ಗ, ತುಮಕೂರಿಗೆ ಆದೇಶ ಬಂದದ್ದು ಆಗಸ್ಟ್ 26ಕ್ಕೆ. ಜನ ಎರಡನ್ನೂ ಒಂದೇ ಅಂದುಕೊಂಡಿದ್ದಾರೆ. ಆಮೇಲೆ ಗಣಿಗಳನ್ನು ಎ, ಬಿ, ಸಿ ಅಂತ ವಿಂಗಡಿಸಿದರು. ನಿಯಮ ಮುರಿದದ್ದು ಕಮ್ಮಿ ಇದ್ದರೆ ಎ, ತುಂಬಾ ಜಾಸ್ತಿ ಇದ್ದರೆ ಸಿ. 2013ರಲ್ಲಿ ಸಿ ಗುಂಪಿನ ಗುತ್ತಿಗೆಗಳೆಲ್ಲ ರದ್ದಾದವು.

ಮತ್ತೆ ಶುರುವಾದಾಗ ವರ್ಷಕ್ಕೆ ಇಷ್ಟೇ ತೆಗೆಯಬೇಕು ಅಂತ ಮಿತಿ ಹಾಕಿದರು. ದುರ್ಗ ಮತ್ತು ತುಮಕೂರು ಸೇರಿ ಮೊದಲು 50 ಲಕ್ಷ ಟನ್, ಆಮೇಲೆ 70 ಲಕ್ಷ, 2022ರ ಆಗಸ್ಟಿನಲ್ಲಿ 1.5 ಕೋಟಿ ಟನ್. ಅಂದರೆ ಒಂದೇ ಸಲಕ್ಕೆ ಎರಡು ಪಟ್ಟಿಗಿಂತ ಜಾಸ್ತಿ. ಈ ಸಂಖ್ಯೆ ನಿಮ್ಮ ಲೇಖನದಲ್ಲಿ ಇರಲೇಬೇಕು, ಯಾಕೆಂದರೆ ಭೀಮಸಮುದ್ರದ ರಸ್ತೆಗೆ ಮುಂದೆ ಏನು ಕಾದಿದೆ ಅಂತ ಅದು ಹೇಳುತ್ತದೆ.

ತೋಟದ ಮನೆ:
ಕಾದಿರೋದೇನು, ಈಗಲೇ ಬರುತ್ತಿವೆ. ಈಗ ತಾಡಪಾಲು ಕಟ್ಟುತ್ತಾರೆ, ಅಷ್ಟು ಬದಲಾಗಿದೆ.

ಇಂಗಳದಾಳ್ ಮಗಳು:
ಎಲ್ಲರೂ ಕಬ್ಬಿಣದ ಅದಿರಿನ ಬಗ್ಗೆಯೇ ಮಾತಾಡುತ್ತಿದ್ದೀರಿ. ದುರ್ಗದ ಬುಡದಲ್ಲೇ ತಾಮ್ರದ ಗಣಿ ಇತ್ತು ಅನ್ನೋದು ಮರೆತುಹೋಯಿತಾ? ನಮ್ಮ ತಂದೆ ಇಂಗಳದಾಳ್ ಗಣಿಯಲ್ಲಿ ಭೂಮಿ ಕೆಳಗೆ ಕೆಲಸ ಮಾಡಿದವರು. ಹಟ್ಟಿ ಚಿನ್ನದ ಗಣಿಯವರೇ ಅದನ್ನೂ ನೋಡಿಕೊಳ್ಳುತ್ತಿದ್ದರು. ಪಾಳಿ ಬದಲಾಗುವಾಗ ಸೈರನ್ ಕೂಗುತ್ತಿತ್ತು. ಅಮ್ಮ ಆ ಸದ್ದು ಕೇಳಿ ಅಕ್ಕಿ ಇಡುತ್ತಿದ್ದರು. ಮನೆಯಲ್ಲಿ ಗಡಿಯಾರ ಇದ್ದರೂ ಅದನ್ನು ಯಾರೂ ನೋಡುತ್ತಿರಲಿಲ್ಲ.

ಅಪ್ಪ ಜೇಬಿನಲ್ಲಿ ಸಣ್ಣ ಕಲ್ಲು ತಂದು ಕೊಡುತ್ತಿದ್ದರು. ಬಿಸಿಲಿಗೆ ಹಿಡಿದರೆ ಹಿತ್ತಾಳೆ ಹಾಗೆ ಹೊಳೆಯುತ್ತಿತ್ತು, ಕೆಲವು ಕಡೆ ನವಿಲಿನ ಬಣ್ಣ. ನನ್ನ ಹತ್ತಿರ ಇನ್ನೂ ಎರಡು ಕಲ್ಲಿವೆ. ಗಣಿ ಮುಚ್ಚಿದ ಮೇಲೆ ಕ್ವಾರ್ಟರ್ಸ್ ಖಾಲಿಯಾಯಿತು, ಗೆಳತಿಯರೆಲ್ಲ ಒಂದೊಂದು ಊರಿಗೆ ಹೋದರು. ದುರ್ಗದ ಅರ್ಧ ಜನಕ್ಕೆ ಈ ಗಣಿ ಇತ್ತು ಅಂತಲೇ ಗೊತ್ತಿಲ್ಲ. ದಯವಿಟ್ಟು ಒಂದು ಸಾಲಾದರೂ ಹಾಕಿ.

ಬುರುಜನಹಟ್ಟಿ ಹುಡುಗಿ:
@ಇಂಗಳದಾಳ್ ಮಗಳು ಒಂದು ಸಾಲಲ್ಲ, ಒಂದು ಪ್ಯಾರಾ ಹಾಕುತ್ತೇನೆ. ಆ ಕಲ್ಲಿನ ಫೋಟೋ ಸಿಗುತ್ತಾ?

ಇಂಗಳದಾಳ್ ಮಗಳು:
ಖಂಡಿತ. ನಾಳೆ ಬಿಸಿಲು ಬಂದ ಮೇಲೆ ತೆಗೆದು ಕಳಿಸುತ್ತೇನೆ.

ಕಲ್ಲು ಓದುವವ:
ಕಲ್ಲಿನ ಮಾತು ಬಂತು ಅಂತ ಸೇರಿಕೊಂಡೆ. ಭೂವಿಜ್ಞಾನದವರಿಗೆ ಚಿತ್ರದುರ್ಗ ಅಂದರೆ ಕೋಟೆ ಅಲ್ಲ, ಒಂದು ಶಿಲಾ ಪಟ್ಟಿಯ ಹೆಸರು. ಚಿತ್ರದುರ್ಗ ಶಿಸ್ಟ್ ಬೆಲ್ಟ್ ಅಂತ ಉತ್ತರ ದಕ್ಷಿಣವಾಗಿ ನೂರಾರು ಕಿಲೋಮೀಟರ್ ಹೋಗುತ್ತದೆ. ಕಬ್ಬಿಣ, ಮ್ಯಾಂಗನೀಸ್, ತಾಮ್ರ ಎಲ್ಲಾ ಇರುವುದು ಇದರಲ್ಲೇ. ಊರಿನ ಹತ್ತಿರ ಮರಡಿಹಳ್ಳಿಯಲ್ಲಿ ದಿಂಬು ಜೋಡಿಸಿದ ಹಾಗೆ ಉಬ್ಬುಬ್ಬಾದ ಕಲ್ಲುಗಳಿವೆ, ನೋಡಿದ್ದೀರಾ? ಅದು ನೀರಿನೊಳಗೆ ಲಾವಾ ಉಕ್ಕಿ ಗಟ್ಟಿಯಾದದ್ದು, ಸುಮಾರು 250 ಕೋಟಿ ವರ್ಷ ಹಳೆಯದು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದ್ದಾರೆ. ಅಂದರೆ ನಮ್ಮ ಈ ಒಣ ಊರು ಒಂದು ಕಾಲಕ್ಕೆ ಸಮುದ್ರದ ಅಡಿ ಇತ್ತು. ನಾನು ಹೊರಗಿನ ಸ್ನೇಹಿತರು ಬಂದರೆ ಮೊದಲು ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ, ಆಮೇಲೆ ಕೋಟೆಗೆ.

ಹೈವೇ ಪ್ರಯಾಣಿಕ:
ಅಬ್ಬಾ! ಇದು ಗೊತ್ತೇ ಇರಲಿಲ್ಲ. ಹೈವೇಯಿಂದ ದೂರನಾ?

ಕಲ್ಲು ಓದುವವ:
ಏನೂ ದೂರ ಇಲ್ಲ. ಮುಂದಿನ ಸಲ ಇಳಿಯಿರಿ ಸರ್.

ಮ್ಯಾಸನಾಡು:
ಗಣಿ ಗಣಿ ಅಂತ ಇಷ್ಟುದ್ದ ಬರೆದಿದ್ದೀರಿ, ದನದ ಬಗ್ಗೆ ಒಬ್ಬರೂ ಬರೆಯಲಿಲ್ಲ. ಅಕ್ಕನ ತಾತ ದನ ಕಾಯ್ದವರು ಅಂತ ಮೊದಲನೇ ಪೋಸ್ಟಲ್ಲೇ ಇದೆ.

ನಾವು ಮ್ಯಾಸ ನಾಯಕರು. ಚಳ್ಳಕೆರೆ, ಮೊಳಕಾಲ್ಮೂರು ಕಡೆ ನಮ್ಮ ಹಟ್ಟಿಗಳಿವೆ. ಹಟ್ಟಿ ಪಕ್ಕ ಮುಳ್ಳುಬೇಲಿಯ ರೊಪ್ಪ ಇರುತ್ತದೆ, ಅದರಲ್ಲಿ ದೇವರ ಎತ್ತುಗಳು. ದೇವರ ಎತ್ತು ಅಂದರೆ ಗುಡಿ ಮುಂದೆ ಕಟ್ಟುವ ಒಂದು ಬಸವ ಅಂದುಕೊಳ್ಳಬೇಡಿ. ಇಡೀ ಮಂದೆ. ಹಸು, ಹೋರಿ, ಕರು ಎಲ್ಲಾ ಸೇರಿ ನೂರು, ಇನ್ನೂರು. ಇವುಗಳನ್ನು ಮಾರುವ ಹಾಗಿಲ್ಲ, ನೊಗಕ್ಕೆ ಕಟ್ಟುವ ಹಾಗಿಲ್ಲ. ಸತ್ತರೆ ಮನೆಯವರು ಸತ್ತ ಹಾಗೆ ಮಣ್ಣು ಮಾಡುತ್ತೇವೆ. ನೋಡಿಕೊಳ್ಳುವವನು ಕಿಲಾರಿ. ಅವನ ಬದುಕು ಮಂದೆಯ ಜೊತೆಯೇ. ಮೇವು ಎಲ್ಲಿದೆಯೋ ಅಲ್ಲಿಗೆ ಹೊಡೆದುಕೊಂಡು ಹೋಗುತ್ತಾನೆ. ದೀಪಾವಳಿಗೆ ಎತ್ತುಗಳನ್ನು ಓಡಿಸುತ್ತೇವೆ. ಮೊದಲು ಬಂದ ಎತ್ತಿಗೆ ಸಿಗುವ ಮರ್ಯಾದೆ ನೋಡಬೇಕು ನೀವು.

ಇಡೀ ಜಿಲ್ಲೆ ಬಿಸಿಲಿಗೆ ಸುಡುತ್ತಿರುವಾಗ, ತಮಗೇ ಊಟಕ್ಕೆ ಕಷ್ಟ ಇರುವಾಗ, ಒಂದು ರೂಪಾಯಿ ಲಾಭ ಕೊಡದ ಮಂದೆಯನ್ನು ಸಾಕುವ ಜನ ಇದ್ದಾರೆ. ನನಗೆ ನಮ್ಮ ಜನದ ಬಗ್ಗೆ ಹೆಮ್ಮೆ ಇದೆ. ಇದನ್ನು ಬರೆಯದೆ ಚಿತ್ರದುರ್ಗದ ಬಗ್ಗೆ ಏನು ಬರೆದರೂ ಅರ್ಧವೇ.

ಕಾಡುಗೊಲ್ಲರ ಹಟ್ಟಿ:
ನಮ್ಮಲ್ಲೂ ಹಾಗೇ ಅಣ್ಣ. ನಮ್ಮ ದೇವರುಗಳೇ ದನಗಾಹಿಗಳು. ಜುಂಜಪ್ಪ ದನ ಕಾಯ್ದವನು, ಎತ್ತಪ್ಪ ಹೆಸರಲ್ಲೇ ಎತ್ತಿದೆ. ಜುಂಜಪ್ಪನ ಕಾವ್ಯವನ್ನು ಗಣೆ ಅನ್ನೋ ಉದ್ದ ಕೊಳಲು ಊದಿಕೊಂಡು ರಾತ್ರಿಯಿಡೀ ಹೇಳುತ್ತಾರೆ. ಕ್ಯಾತಪ್ಪನ ಪರಿಶೆಯಲ್ಲಿ ಮುಳ್ಳಿನ ಗುಡಿ ಕಟ್ಟಿ, ಬರಿಗಾಲಲ್ಲಿ ಹತ್ತಿ ಕಳಶ ಇಳಿಸುತ್ತಾರೆ. ನಾನು ಚಿಕ್ಕವನಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದೆ, ಕಣ್ಣು ಮುಚ್ಚಿಕೊಂಡುಬಿಟ್ಟಿದ್ದೆ.

ಪೇಟೆಯವ:
ಚಳ್ಳಕೆರೆ ಬೇರೆ ಊರು, ಚಿತ್ರದುರ್ಗ ಬೇರೆ ಊರು. ಊರಿನ ಬಗ್ಗೆ ಬರೆಯಬೇಕಾ, ಜಿಲ್ಲೆ ಬಗ್ಗೆ ಬರೆಯಬೇಕಾ? ಎಲ್ಲಾ ಸೇರಿಸಿದರೆ ಎರಡು ಪುಟದಲ್ಲಿ ಏನೂ ಉಳಿಯಲ್ಲ. ಮೆದೇಹಳ್ಳಿ ರಸ್ತೆ, ದೊಡ್ಡಪೇಟೆ, ಉಚ್ಚಂಗಿಯಲ್ಲಮ್ಮನ ಗುಡಿ, ಜೋಗಿಮಟ್ಟಿ. ಊರು ಅಂದರೆ ಇದು.

ಮ್ಯಾಸನಾಡು:
@ಪೇಟೆಯವ ನಿಮ್ಮ ಪೇಟೆಗೆ ಶೇಂಗಾ ಎಲ್ಲಿಂದ ಬರುತ್ತದೆ? ಕಂಬಳಿ ಎಲ್ಲಿಂದ ಬರುತ್ತದೆ? ಬೆಳಿಗ್ಗೆ ಮೊದಲ ಬಸ್ಸಿಗೆ ಕೆಲಸಕ್ಕೆ ಬರುವವರು ಯಾವ ಹಳ್ಳಿಯವರು? ಸುಮ್ನೆ ಗೆರೆ ಎಳೆಯಬೇಡಿ.

ಕೆಳಗೋಟೆ ಮೇಷ್ಟ್ರು:
ಜಗಳ ಬೇಡ. ಪೇಟೆಯವರಿಗೆ ಒಂದು ಮಾತು. ನಿಮ್ಮ ಊರಿನ ಒಂದು ಮುಖ್ಯ ರಸ್ತೆಯ ಹೆಸರು ತುರುವನೂರು ರಸ್ತೆ. ತುರು ಅಂದರೆ ಹಳಗನ್ನಡದಲ್ಲಿ ದನ. ತುರುಗೋಳ್, ತುರುಗಾಹಿ ಅಂತೆಲ್ಲ ಇದೆಯಲ್ಲ, ಅದೇ. ಹೆಸರಿನ ಮೂಲ ಅದೇ ಅಂತ ನನ್ನ ಊಹೆ. ದನಕ್ಕಾಗಿ ಕಾದಾಡಿ ಸತ್ತವರ ವೀರಗಲ್ಲು ನಮ್ಮ ನಾಡಿನಲ್ಲಿ ಎಷ್ಟಿವೆ ಗೊತ್ತಾ?

ಅಂದ ಹಾಗೆ ಇದೇ ತುರುವನೂರಿನಲ್ಲಿ 1939ರಲ್ಲಿ ಈಚಲು ಮರ ಕಡಿಯುವ ಸತ್ಯಾಗ್ರಹ ನಡೆಯಿತು. ನಿಜಲಿಂಗಪ್ಪನವರು ಜೈಲಿಗೆ ಹೋದದ್ದು ಅದರಲ್ಲೇ. ಮುಂದೆ ಮುಖ್ಯಮಂತ್ರಿ ಆದರು, ಕೊನೆಗಾಲದಲ್ಲಿ ದುರ್ಗದ ಮನೆಯಲ್ಲೇ ಇದ್ದರು, ಇಲ್ಲೇ 2000ದಲ್ಲಿ ತೀರಿಕೊಂಡರು. ಸೀಬಾರದ ಹತ್ತಿರ ಸ್ಮಾರಕ ಇದೆ.

ಪೇಟೆಯವ:
ಸರಿ ಮೇಷ್ಟ್ರೇ, ತುರುವನೂರಿನ ವಿಷಯ ನನಗೆ ಗೊತ್ತಿರಲಿಲ್ಲ. ಒಪ್ಪಿದೆ. ಆದರೂ ಜೋಗಿಮಟ್ಟಿ ಬಿಡಬೇಡಿ. ಊರಿಗೆ ಅಂಟಿಕೊಂಡಿರುವ ಕಾಡು, 2015ರಲ್ಲಿ ವನ್ಯಜೀವಿ ಧಾಮ ಆಯಿತು. ಬೆಳಿಗ್ಗೆ ಐದೂವರೆಗೆ ಹತ್ತಿದರೆ ಮೋಡ ಕಾಲ ಕೆಳಗಿರುತ್ತದೆ.

ದನದ ಡಾಕ್ಟ್ರು:
ಈ ಭಾಗದಲ್ಲಿ 16 ವರ್ಷ ಕೆಲಸ ಮಾಡಿದವನು ನಾನು. ತಳಿಯ ಬಗ್ಗೆ ಒಂದೆರಡು ಮಾತು.

ಅಮೃತ್ ಮಹಲ್ ದನ ಟಿಪ್ಪು ಶುರು ಮಾಡಿದ್ದು ಅಂತ ಎಲ್ಲರೂ ಹೇಳುತ್ತಾರೆ. ಅವನು ಇಟ್ಟದ್ದು ಹೆಸರು. ಅದಕ್ಕೂ ಮೊದಲು ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲೇ 'ಬೆಣ್ಣೆ ಚಾವಡಿ' ಅಂತ ಇತ್ತು. ಅರಮನೆಗೆ ಹಾಲು ಬೆಣ್ಣೆ ಒದಗಿಸುವ ದನಗಳ ಇಲಾಖೆ. ಹೈದರ್, ಟಿಪ್ಪು ಅದೇ ತಳಿಯ ಎತ್ತುಗಳನ್ನು ತೋಪು ಎಳೆಯಲು, ಸೈನ್ಯದ ಸಾಮಾನು ಸಾಗಿಸಲು ಬಳಸಿದರು. ಆ ದನಗಳ ಮೇವಿಗೆ ಅಂತ ಬಿಟ್ಟ ಹುಲ್ಲುಗಾವಲುಗಳೇ ಕಾವಲುಗಳು. ಚಳ್ಳಕೆರೆಯ ಕಾವಲುಗಳೂ ಹಾಗೇ ಬಂದವು. ಅಜ್ಜಂಪುರದ ತಳಿ ಕೇಂದ್ರ 1929ರದು.

ಉದ್ದ ಕೊಂಬು, ಹಿಂದಕ್ಕೆ ಬಾಗಿ ತುದಿ ಚೂಪು. ಹಾಲು ಕಮ್ಮಿ, ಆದರೆ ಬಿಸಿಲಿಗೆ ಜಗ್ಗಲ್ಲ, ಸಿಕ್ಕಿದ್ದು ಮೇಯುತ್ತದೆ, ಕಾಯಿಲೆ ಕಮ್ಮಿ. ಸ್ವಭಾವ ಮಾತ್ರ ಖಾರ. ಹೊಸಬರನ್ನು ಹತ್ತಿರ ಬಿಟ್ಟುಕೊಳ್ಳಲ್ಲ. 2016-17ರ ಬರದಲ್ಲಿ ಗೋಶಾಲೆಗಳಲ್ಲಿ ಕೆಲಸ ಮಾಡಿದೆ. ಸೀಮೆಹಸುಗಳು ಮೊದಲು ಮಲಗಿದವು. ನಾಟಿ ದನ ಪಕ್ಕೆಲುಬು ಎದ್ದು ಕಂಡರೂ ನಿಂತೇ ಇದ್ದವು. ಒಬ್ಬ ಅಜ್ಜ ತನ್ನ ಊಟದ ಮುದ್ದೆ ಮುರಿದು ಅರ್ಧ ಹಸುವಿಗೆ ಕೊಡುತ್ತಿದ್ದ, ದಿನಾ. ಬೈಯಬೇಕು ಅನ್ನಿಸಿತು, ಬೈಯಲಿಲ್ಲ.

ಆಕಾಶಬುಟ್ಟಿ:
ಚಳ್ಳಕೆರೆ ಕಾವಲು ಅಂದರೆ ಇಸ್ರೋ ವಿಮಾನ ಇಳಿಸಿದ ಜಾಗ ಅಲ್ವಾ? 2023ರ ಏಪ್ರಿಲ್ 2ಕ್ಕೆ ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಟ್ಟರು, ಅದು ತಾನಾಗೇ ಬಂದು ರನ್‌ವೇ ಮೇಲೆ ಇಳಿಯಿತು. 2024ರಲ್ಲಿ ಇನ್ನೆರಡು ಸಲ ಮಾಡಿದರು. ನಮ್ಮ ಜಿಲ್ಲೆಯಲ್ಲಿ! ಇದನ್ನು ದೊಡ್ಡದಾಗಿ ಬರೆಯಿರಿ. ಎಷ್ಟು ದಿನ ಬರ, ದನ, ಧೂಳು ಅಂತ ಹೇಳಿಕೊಂಡಿರೋದು?

ಕೆಳಗೋಟೆ ಮೇಷ್ಟ್ರು:
ಬರೆಯಲಿ, ಹೆಮ್ಮೆಯ ವಿಷಯವೇ. ಆದರೆ ಪೂರ್ತಿ ಬರೆಯಬೇಕು. ಹೆಚ್ಚುಕಮ್ಮಿ 10,000 ಎಕರೆ ಕಾವಲು ರಕ್ಷಣಾ ಸಂಶೋಧನೆಯ ಡಿಆರ್‌ಡಿಓ, ಬೆಂಗಳೂರಿನ ವಿಜ್ಞಾನ ಸಂಸ್ಥೆ ಐಐಎಸ್‌ಸಿ, ಅಣು ಸಂಶೋಧನೆಯ ಬಿಎಆರ್‌ಸಿ, ಇಸ್ರೋ ಇವುಗಳಿಗೆ ಹೋಯಿತು. ಖುದಾಪುರದಲ್ಲಿ ಐಐಎಸ್‌ಸಿಗೆ 1500 ಎಕರೆ, ವರವು ಕಾವಲಿನಲ್ಲಿ ಡಿಆರ್‌ಡಿಓಗೆ 4000 ಎಕರೆಗಿಂತ ಜಾಸ್ತಿ. ಸುತ್ತ ಗೋಡೆ ಎದ್ದಾಗ ಜನ ಬೀದಿಗಿಳಿದರು, ವಿಷಯ ಹಸಿರು ನ್ಯಾಯಮಂಡಳಿಗೆ ಹೋಯಿತು. 2017ರಲ್ಲಿ ಡಿಆರ್‌ಡಿಓ ಪರೀಕ್ಷಾ ವಲಯ ಉದ್ಘಾಟನೆಯೂ ಆಯಿತು. ದೇಶಕ್ಕೆ ಬೇಕು, ಒಪ್ಪೋಣ. ಕುರಿ, ದನ, ಕರಡ ಹುಲ್ಲು, ಕೃಷ್ಣಮೃಗ ಇದ್ದ ಜಾಗವನ್ನು ಕಾಗದದಲ್ಲಿ 'ಪಾಳು' ಅಂತ ನೋಡಿದ್ದು ಮಾತ್ರ ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ.

ಮ್ಯಾಸನಾಡು:
ನಮ್ಮ ಹಟ್ಟಿ ಆ ಗೋಡೆಯಿಂದ ದೂರ ಇದೆ, ಹಾಗಾಗಿ ನನ್ನದು ಸ್ವಂತ ದೂರಲ್ಲ. ಆದರೆ ಒಂದು ಕಡೆ ಕಾವಲು ಕಮ್ಮಿಯಾದರೆ ಅಲ್ಲಿಯ ಮಂದೆ ಇನ್ನೊಂದು ಕಡೆ ಬರುತ್ತದೆ. ಇರುವ ಹುಲ್ಲಿಗೆ ಎರಡು ಹಟ್ಟಿ. ಕಿಲಾರಿ ಕಿಲಾರಿ ಮಧ್ಯೆ ಮಾತು ಬೆಳೆಯುತ್ತದೆ. ಈಗಿನ ಹುಡುಗರು ಕಿಲಾರಿ ಆಗೋಕೆ ಒಪ್ಪುವುದೂ ಇಲ್ಲ.

ಆಕಾಶಬುಟ್ಟಿ:
ಈ ಕಡೆಯ ಕಥೆ ನಾನು ಯೋಚಿಸಿರಲಿಲ್ಲ ಅಣ್ಣ. ಆದರೂ ನನ್ನ ಮಗಳು ಆ ವಿಡಿಯೋ ನೋಡಿ ಇಂಜಿನಿಯರ್ ಆಗುತ್ತೇನೆ ಅಂದಿದ್ದಾಳೆ. ಅದೂ ಈ ಮಣ್ಣಿಂದಲೇ ಅಲ್ವಾ.

ಹಳೇ ಟಿಪ್ಪರ್:
ನಮ್ಮ ಕಡೆಯೂ ಅದೇ. ಗುಡ್ಡಕ್ಕೆ ಬೇಲಿ ಬೀಳೋಕೆ ಮೊದಲು ನಮ್ಮ ಎಮ್ಮೆಗಳು ಅಲ್ಲೇ ಮೇಯುತ್ತಿದ್ದವು. ನಾನು ಅದೇ ಗುಡ್ಡದ ಮಣ್ಣನ್ನು ಲೋಡು ಮಾಡಿ ಹೊಡೆದೆ. ಇವತ್ತು ಇದನ್ನೆಲ್ಲ ಓದುವಾಗ ಅದು ತಲೆಗೆ ಬಂತು.

ಹಿರಿಯೂರು ಹೊಳೆ:
ಎಲ್ಲರೂ ಸೇರಿ ನೀರನ್ನೇ ಮರೆತಿರಿ. ವಾಣಿವಿಲಾಸ ಸಾಗರ! ನಾವು ಮಾರಿಕಣಿವೆ ಅನ್ನೋದು. ವೇದಾವತಿಗೆ ಅಡ್ಡ ಕಟ್ಟಿದ್ದು, 130 ಅಡಿ, 30 ಟಿಎಂಸಿ. ವಿಶ್ವೇಶ್ವರಯ್ಯನವರು ಕಟ್ಟಿಸಿದ್ದು. 2022ರ ಸೆಪ್ಟೆಂಬರಿನಲ್ಲಿ ಕೋಡಿ ಬಿದ್ದಾಗ ಇಡೀ ಹಿರಿಯೂರು ಅಲ್ಲಿತ್ತು. 1933ರಲ್ಲಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು ಅವತ್ತೇ, 89 ವರ್ಷ ಆದ ಮೇಲೆ. ನಮ್ಮಜ್ಜಿ ಹುಟ್ಟುವ ಮೊದಲು! ಅಜ್ಜಿಯನ್ನು ಆಟೋದಲ್ಲಿ ಕರೆದುಕೊಂಡು ಹೋಗಿ ತೋರಿಸಿದೆ. ನೀರಿಗೆ ಕೈ ಮುಗಿದು ತುಂಬಾ ಹೊತ್ತು ನಿಂತಿದ್ದರು. 2025ರ ಜನವರಿಯಲ್ಲಿ ಮತ್ತೆ ಬಿತ್ತು.

ಕಾನೂನು ಕಟ್ಟೆ:
ಸಣ್ಣ ತಿದ್ದುಪಡಿ. ಮಾರಿಕಣಿವೆ ವಿಶ್ವೇಶ್ವರಯ್ಯನವರದ್ದಲ್ಲ. 1898ರಲ್ಲಿ ಶುರುವಾಗಿ 1907ಕ್ಕೆ ಮುಗಿಯಿತು. ಅವರು ಮೈಸೂರಿಗೆ ಮುಖ್ಯ ಇಂಜಿನಿಯರ್ ಆಗಿ ಬಂದದ್ದೇ 1909ರಲ್ಲಿ. ಹೆಸರು ಬಂದಿರುವುದು ಆಗ ರಾಜ್ಯ ನೋಡಿಕೊಳ್ಳುತ್ತಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರಿಂದ.

ಹಿರಿಯೂರು ಹೊಳೆ:
ಹೌದಾ! ಚಿಕ್ಕಂದಿನಿಂದ ಹಾಗೇ ಕೇಳಿಕೊಂಡು ಬಂದಿದ್ದೆ. ಧನ್ಯವಾದ ಸರ್.

ಪೇಟೆಯವ:
ಈಗ ಭದ್ರಾ ನೀರು ಹರಿಸಿದ್ದೂ ಸೇರಿತು. ಭದ್ರಾ ಮೇಲ್ದಂಡೆಗೆ 2023ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ಅಂದರು, ಪೇಟೆಯಲ್ಲಿ ಪಟಾಕಿ ಹೊಡೆದಿದ್ದೆವು. ತುಮಕೂರು ದಾವಣಗೆರೆ ರೈಲ್ವೆ ಮಾರ್ಗ 2011-12ರ ಬಜೆಟ್ಟಿನದು. ನನ್ನ ಮಗ ಆಗ ಅಂಗನವಾಡಿ, ಈಗ ಡಿಗ್ರಿ ಸೇರುವ ವಯಸ್ಸು. ಬೆಂಗಳೂರಿಗೆ ನೇರ ರೈಲು ಯಾವಾಗ ಅಂತ ಅವನೂ ಕೇಳುವುದು ಬಿಟ್ಟ. ಚಿಕ್ಕಜಾಜೂರು ಸುತ್ತಿಕೊಂಡೇ ಹೋಗಬೇಕು.

ಬೆಣ್ಣೆದೋಸೆ:
ರೈಲು ಬಂದರೆ ದೋಸೆಗೆ ಅರ್ಧ ಗಂಟೆ ಅಷ್ಟೇ ನಿಮಗೆ.

ಕಾಡುಗೊಲ್ಲರ ಹಟ್ಟಿ:
ದೋಸೆ ಬಿಡಿ. ದುರ್ಗದ ಸಂಜೆ ಅಂದರೆ ಮಂಡಕ್ಕಿ ಮೆಣಸಿನಕಾಯಿ.

ದುಬೈ ದುರ್ಗ:
ಈಗ ಇಲ್ಲಿ ರಾತ್ರಿ ಹನ್ನೊಂದು. ಮಂಡಕ್ಕಿ ಎಲ್ಲಿಂದ ತರಲಿ?

ಇಂಗಳದಾಳ್ ಮಗಳು:
ಫೋಟೋ ಕಳಿಸಿದ್ದೇನೆ ನೋಡಿ. ಎಡಗಡೆಯ ಕಲ್ಲಿನಲ್ಲಿ ನೀಲಿ ಹಸಿರು ಕಾಣುತ್ತದೆಯಲ್ಲ, ಅದೇ ನವಿಲಿನ ಬಣ್ಣ ಅಂದದ್ದು.

ಬುರುಜನಹಟ್ಟಿ ಹುಡುಗಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಇದೆಲ್ಲ ಅಪ್ಪನಿಗೆ ಓದಿ ಹೇಳಿದೆ. ಹಳೇ ಟಿಪ್ಪರ್ ಅಣ್ಣ ಬರೆದದ್ದು ಕೇಳಿ ಎದ್ದು ಹೋಗಿ ಅಟ್ಟದಿಂದ ಒಂದು ರಟ್ಟಿನ ಡಬ್ಬ ಇಳಿಸಿದರು. ಹಳೆಯ ಲೆಕ್ಕದ ಪುಸ್ತಕಗಳು. ಗಾಡಿ ನಂಬರು, ಲೋಡು, ಟನ್ನು, ಡ್ರೈವರ್ ಸಹಿ. ಕೊನೆಯ ಪುಸ್ತಕದಲ್ಲಿ 2011ರ ಆಗಸ್ಟಿನ ಅರ್ಧ ಪುಟದ ಮೇಲೆ ಖಾಲಿ. ನಾನು ಇದನ್ನು ಇಷ್ಟು ವರ್ಷದಲ್ಲಿ ಒಂದು ಸಲವೂ ತೆರೆದು ನೋಡಿರಲಿಲ್ಲ.

ತಾತನ ಬಗ್ಗೆಯೂ ಕೇಳಿದೆ. ಅವರು ಕಿಲಾರಿ ಆಗಿದ್ದರಂತೆ. ನನಗೆ ದನ ಕಾಯುತ್ತಿದ್ದರು ಅಂತ ಮಾತ್ರ ಹೇಳಿದ್ದರು, ಶಾಲೆಯಲ್ಲಿ ನಾನು ಹೇಳಿಕೊಳ್ಳಲು ನಾಚಿಕೆಪಟ್ಟೇನು ಅಂತ. ಆ ಮಾತು ಕೇಳಿ ನನಗೆ ತುಂಬಾ ನೋವಾಯಿತು.

ಈ ಭಾನುವಾರ ಅಪ್ಪನನ್ನು ಕರೆದುಕೊಂಡು ತಾತನ ಹಟ್ಟಿಗೆ ಹೋಗುತ್ತಿದ್ದೇನೆ. @ಮ್ಯಾಸನಾಡು ಅಣ್ಣ, ರೊಪ್ಪದ ಹತ್ತಿರ ಹೋಗುವಾಗ ಏನು ನೋಡಿಕೊಳ್ಳಬೇಕು? ಫೋಟೋ ತೆಗೆಯಬಹುದಾ?

ಹಳೇ ಟಿಪ್ಪರ್:
ಅಕ್ಕಾ, ಆ ಪುಸ್ತಕದಲ್ಲಿ 2008ರ ಪುಟ ಇದ್ದರೆ ನೋಡಿ. ಗಾಡಿ ನಂಬರು ಮೆಸೇಜ್ ಮಾಡುತ್ತೇನೆ.

ಮ್ಯಾಸನಾಡು:
ಚಪ್ಪಲಿ ದೂರ ಬಿಟ್ಟು ಬನ್ನಿ ಅಕ್ಕಾ. ಮೊದಲು ಹಟ್ಟಿಯ ಹಿರಿಯರನ್ನು, ಆಮೇಲೆ ಕಿಲಾರಿಯನ್ನು ಮಾತಾಡಿಸಿ. ಅವನು ಹೂಂ ಅಂದರೆ ಫೋಟೋ ತೆಗೆಯಿರಿ. ಹೋರಿಗಳು ಹೊಸಬರನ್ನು ಕಂಡರೆ ಸುಮ್ಮನಿರಲ್ಲ. ಬೆಳಿಗ್ಗೆ ಏಳರ ಒಳಗೆ ಬನ್ನಿ, ಬಿಸಿಲೇರಿದರೆ ಮಂದೆ ಹೊರಟುಹೋಗುತ್ತದೆ. ತಾತನ ಹೆಸರು ಹೇಳಿ, ಯಾರಾದರೂ ವಯಸ್ಸಾದವರಿಗೆ ನೆನಪಿರುತ್ತದೆ.

ತೋಟದ ಮನೆ:
ಹೋಗಿ ಬಂದ ಮೇಲೆ ಇಲ್ಲೇ ಬರೆಯಿರಿ ಮೇಡಂ.